ಗೇಮ್ ಆಡುವವರ ಮಾತಿನ ಪದಕೋಶ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾರಿಗಾಗಿ ಮಾಡಿದ್ದು?

ಇಲ್ಲಿಗೆ ಎರಡು ಥರದ ಜನ ಬರುತ್ತಾರೆ. ಹೊಸದಾಗಿ ಆಡಲು ಶುರು ಮಾಡಿ, ಟೀಮಿನವರು ಏನು ಕೂಗುತ್ತಿದ್ದಾರೆ ಅಂತ ಗೊತ್ತಾಗದೆ ಬೈಸಿಕೊಳ್ಳುವವರು ಒಂದು ಕಡೆ. ಮಗನೋ ಮಗಳೋ ಹೆಡ್‌ಫೋನ್ ಹಾಕಿಕೊಂಡು ರೂಮಿನೊಳಗೆ ಕಿರುಚುವುದನ್ನು ಕೇಳಿ ಗಾಬರಿಯಾದ ಅಪ್ಪ ಅಮ್ಮಂದಿರು ಇನ್ನೊಂದು ಕಡೆ. ಪ್ರಶ್ನೆ ಜಾಸ್ತಿ ಕೇಳುವವರು ಅಪ್ಪ ಅಮ್ಮಂದಿರೇ. ಹಾಗಾಗಿ ಇಲ್ಲಿ ಅವರ ಪಾಲು ಸ್ವಲ್ಪ ದೊಡ್ಡದು.

ಪದ ಹುಡುಕೋದು ಹೇಗೆ? ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕಾ?

ಬೇಕಾಗಿಲ್ಲ. ಕಿವಿಗೆ ಹೇಗೆ ಕೇಳಿಸಿತೋ ಹಾಗೇ ಕನ್ನಡದಲ್ಲಿ ಬರೆಯಿರಿ. ಲ್ಯಾಗ್, ಲಾಗ್, ಲ್ಯಾಗು, ಹೇಗೆ ಬರೆದರೂ ಒಂದೇ ಪದ ತೆರೆಯುತ್ತದೆ. ‘ಲೂಟನ್ನ’, ‘ಜೋನ್‌ಗೆ’, ‘ಬಾಟ್‌ಗಳು’ ಅಂತ ಪ್ರತ್ಯಯ ಸಮೇತ ಹಾಕಿದರೂ ತೊಂದರೆ ಇಲ್ಲ.

ಆದರೆ ಪದದ ಹಿಂದೆ ‘ಮಾಡು’ ಇತ್ತಾ, ‘ಆಗು’ ಇತ್ತಾ ಅನ್ನೋದನ್ನು ಬಿಡಬೇಡಿ. ‘ನಾಕ್ ಮಾಡಿದೆ’ ಅಂದರೆ ಎದುರಾಳಿಯನ್ನು ನೆಲಕ್ಕೆ ಬೀಳಿಸಿದೆ ಅಂತ. ‘ನಾಕ್ ಆದೆ’ ಅಂದರೆ ನಾನೇ ಬಿದ್ದೆ, ಬಂದು ಎತ್ತಿ ಅಂತ. ಬರೀ ‘ನಾಕ್’ ಅಂತ ಹುಡುಕಿದರೆ ಯಾರು ಬಿದ್ದರು ಅನ್ನೋದೇ ಗೊತ್ತಾಗುವುದಿಲ್ಲ. ಆಟದಲ್ಲಿ ಮುಖ್ಯವಾಗಿ ಬೇಕಾಗಿರೋದು ಅದೇ ಅಲ್ವಾ?

ಒಂದು ಪದ ಹುಡುಕಿದರೆ ನಾಲ್ಕು ಅರ್ಥ ಬರುತ್ತೆ. ಯಾವುದು ಸರಿ?

ನಾಲ್ಕೂ ಸರಿ. ಯಾವ ಗೇಮಿನಲ್ಲಿ ಹೇಳಿದ್ದು ಅನ್ನೋದರ ಮೇಲೆ ಹೋಗುತ್ತದೆ. ಹುಡುಕುವ ಪೆಟ್ಟಿಗೆಯ ಪಕ್ಕದಲ್ಲಿ ಗೇಮ್ ಆರಿಸಲು ಕೇಳುವುದು ಇದಕ್ಕೇ. ಅದನ್ನು ಖಾಲಿ ಬಿಟ್ಟರೆ ಎಲ್ಲಾ ಅರ್ಥಗಳೂ ಒಟ್ಟಿಗೆ ಬಂದು ಬೀಳುತ್ತವೆ.

‘ಪುಷ್’ ತೆಗೆದುಕೊಳ್ಳಿ. ಬಿಜಿಎಂಐನಲ್ಲಿ (ಪಬ್ಜಿ ಮೊಬೈಲ್‌ನ ಭಾರತದ ರೂಪ) ‘ಪುಷ್ ಮಾಡ್ರೋ’ ಅಂದರೆ ಎದುರು ಟೀಮ್ ಅಡಗಿರುವ ಮನೆಯ ಕಡೆ ನುಗ್ಗಿ ಅಂತ. ಡೋಟಾದಲ್ಲಿ ಪುಷ್ ಅಂದರೆ ಒಂದು ದಾರಿಯಲ್ಲಿ ಸೈನ್ಯ ತಳ್ಳಿಕೊಂಡು ಹೋಗಿ ಗೋಪುರ ಕೆಡವುವುದು. ‘ಈ ತಿಂಗಳು ಪುಷ್ ಮಾಡ್ತಿದೀನಿ’ ಅಂತ ಊಟ ಮಾಡುವಾಗ ಹೇಳಿದರೆ ಯಾರ ಮೇಲೂ ನುಗ್ಗುತ್ತಿಲ್ಲ, ಸೀಸನ್ ಮುಗಿಯುವ ಮೊದಲು ರ‍್ಯಾಂಕ್ ಏರಿಸಿಕೊಳ್ಳುತ್ತಿದ್ದಾನೆ ಅಷ್ಟೆ.

‘ಕ್ಯಾಂಪ್’ ಕೂಡ ಹಾಗೇ. ಗುಂಡು ಹಾರಿಸುವ ಆಟಗಳಲ್ಲಿ ಅದು ಒಂದು ಮೂಲೆ ಹಿಡಿದು ಹೊಂಚು ಹಾಕಿ ಕೂರುವುದು. ಡೋಟಾದಲ್ಲಿ ಕ್ಯಾಂಪ್ ಅಂದರೆ ಕಾಡಿನೊಳಗೆ ಪ್ರಾಣಿಗಳಿರುವ ಜಾಗ. ಅಲ್ಲಿಗೆ ಹೋಗಿ ಅವನ್ನು ಹೊಡೆದು ದುಡ್ಡು ಮಾಡಿಕೊಳ್ಳುವುದು ಪ್ರತಿ ಪಂದ್ಯದ ದಿನಗೆಲಸ. ಒಂದು ಕಡೆ ‘ಕ್ಯಾಂಪರ್’ ಅನ್ನಿಸಿಕೊಂಡರೆ ಅವಮಾನ. ಇನ್ನೊಂದು ಕಡೆ ‘ಕ್ಯಾಂಪ್ ಯಾಕೆ ಮಾಡಲಿಲ್ಲ’ ಅಂತ ಬೈಗುಳ.

ಇನ್ನು ‘ಬಾಟ್’. ಮೊದಲ ಅರ್ಥ, ಮನುಷ್ಯ ಅಲ್ಲದೆ ಕಂಪ್ಯೂಟರೇ ಆಡಿಸುವ ಆಟಗಾರ. ಎರಡನೆಯದು, ಮನುಷ್ಯನೇ ಆದರೂ ಅಷ್ಟು ಕೆಟ್ಟದಾಗಿ ಆಡುವವನು. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ‘ಬಾಟ್‌ಗೆ ಬಾ’ ಅಂದರೆ ನಕ್ಷೆಯ ಕೆಳಗಿನ ದಾರಿಗೆ ಬಾ ಅಂತ.

ಯಾವ ಗೇಮ್ ಆಡ್ತಿದಾನೆ ಅಂತಲೇ ಗೊತ್ತಿಲ್ಲ. ಕೇಳಿದ್ರೆ ಹೇಳಲ್ಲ. ಏನು ಮಾಡೋದು?

ಕೆಲವು ಪದಗಳೇ ಗೇಮಿನ ಹೆಸರು ಹೇಳಿಬಿಡುತ್ತವೆ. ಯುಸಿ, ಪೊಚಿಂಕಿ, ‘ಚಿಕನ್ ಡಿನ್ನರ್’ ಕೇಳಿಸಿದರೆ ಬಿಜಿಎಂಐ. ಯುಸಿ ಅನ್ನೋದು ಅದರೊಳಗಿನ ದುಡ್ಡು, ಪೊಚಿಂಕಿ ನಕ್ಷೆಯ ನಡುವೆ ಇರುವ ಒಂದು ಊರು. ‘ಡೈಮಂಡ್’, ‘ಗ್ಲೂ ವಾಲ್’, ಗೆದ್ದಾಗ ‘ಬೂಯಾ’ ಅಂದರೆ ಫ್ರೀ ಫೈರ್. ‘ಸ್ಪೈಕ್ ಹಾಕು’, ‘ಈಕೋ ರೌಂಡ್’ ಅಂದರೆ ಬಹುತೇಕ ವ್ಯಾಲೊರಂಟ್. ‘ರೋಶನ್ ತಗೊಳ್ಳೋಣ’ ಅಂದರೆ ಗೆಳೆಯನ ಹೆಸರಲ್ಲ. ಅದು ಡೋಟಾದಲ್ಲಿ ಗುಹೆಯೊಳಗೆ ಕೂತಿರುವ ದೈತ್ಯ.

‘ವಿನ್ನರ್ ವಿನ್ನರ್ ಚಿಕನ್ ಡಿನ್ನರ್’ ಬಗ್ಗೆ ಒಂದು ಮಾತು. ಅದು ಅಮೆರಿಕದ ಜೂಜುಕಟ್ಟೆಗಳ ಹಳೇ ಕೂಗು. ನೂರು ಜನರಲ್ಲಿ ಕೊನೆಗೆ ಉಳಿದವರಿಗೆ ಪಬ್ಜಿ ಪರದೆಯ ಮೇಲೆ ಅದನ್ನು ತೋರಿಸಲು ಶುರು ಮಾಡಿತು. ಮಾಂಸ ತಿನ್ನದ ಮನೆಯ ಮಕ್ಕಳೂ ರಾತ್ರಿ ಹನ್ನೊಂದಕ್ಕೆ ‘ಚಿಕನ್ ಆಯ್ತು’ ಅಂತ ಕೂಗುವುದು ಇದಕ್ಕೇ. ಅಡುಗೆಮನೆ ಹುಡುಕಬೇಕಾಗಿಲ್ಲ.

‘ಅವನನ್ನ ಫಿನಿಶ್ ಮಾಡು’ ಅಂತೆಲ್ಲ ಕೂಗ್ತಾನೆ. ಭಯ ಆಗುತ್ತೆ.

ಆಗೋದು ಸಹಜ. ಆದರೆ ಆ ಪದ ಮಕ್ಕಳು ಹುಟ್ಟಿಸಿದ್ದಲ್ಲ. ಬಿಜಿಎಂಐ ಭಾರತಕ್ಕೆ ಬಂದಾಗ ‘ಕಿಲ್’ ಅನ್ನುವ ಕಡೆ ‘ಫಿನಿಶ್’ ಅಂತ ಬರೆಯಿತು. ಪಂದ್ಯ ಮುಗಿದ ಮೇಲೆ ಪಟ್ಟಿಯಲ್ಲೂ, ಟೂರ್ನಮೆಂಟಿನ ಕಾಮೆಂಟರಿಯಲ್ಲೂ ಅದೇ ಪದ. ಮೆತ್ತಗೆ ಇರಲಿ ಅಂತ ತಂದ ಪದ ಮನೆಯವರ ಕಿವಿಗೆ ಇನ್ನೂ ಜೋರಾಗಿ ಕೇಳಿಸುತ್ತದೆ.

ಒಂದು ನಿಮಿಷದ ಮಾತನ್ನು ಬಿಡಿಸಿ ನೋಡಿದರೆ ಭಯ ಕಮ್ಮಿಯಾಗಬಹುದು. ಬಾಗಿಲಾಚೆ ಹೀಗೆ ಕೇಳಿಸಿತು ಅಂದುಕೊಳ್ಳಿ:

‘ಮಗಾ, ಹಾಟ್ ಡ್ರಾಪ್ ಬೇಡ, ಸೈಡಲ್ಲಿ ಲೂಟ್ ಮಾಡ್ಕೊಂಡು ಹೋಗೋಣ.’
‘ಲೇ, ಒಬ್ಬನ್ನ ನಾಕ್ ಮಾಡಿದೆ. ಇನ್ನೊಬ್ಬ ಒನ್ ಶಾಟ್ ಇದಾನೆ. ರಶ್ ಮಾಡ್ರೋ!’
‘ಬೇಡ ಬೇಡ, ಥರ್ಡ್ ಪಾರ್ಟಿ ಬಂತು. ನಾನು ನಾಕ್ ಆದೆ. ಸ್ಮೋಕ್ ಹಾಕೋ, ರಿವೈವ್ ಕೊಡು!’
‘ಜೋನ್ ಬರ್ತಿದೆ ಗುರೂ, ಬಿಟ್ಟು ಓಡು.’

ಮೊದಲನೆಯವನು ಜಾಗರೂಕ. ಎಲ್ಲರೂ ಒಟ್ಟಿಗೆ ಇಳಿಯುವ ಜಾಗಕ್ಕೆ ಹೋದರೆ ಕೈಗೆ ಬಂದೂಕು ಸಿಗುವ ಮೊದಲೇ ಸಾಯುತ್ತೇವೆ, ಪಕ್ಕದಲ್ಲಿ ಇಳಿದು ಸಾಮಾನು ಹೆಕ್ಕಿಕೊಳ್ಳೋಣ ಅನ್ನುತ್ತಿದ್ದಾನೆ. ಎರಡನೆಯವನು ಒಬ್ಬನನ್ನು ಬೀಳಿಸಿದ್ದಾನೆ. ಇನ್ನೊಬ್ಬನಿಗೆ ಒಂದೇ ಏಟು ಬಾಕಿ. ‘ಒನ್ ಶಾಟ್’ ಅಂದರೆ ಅದು. ಪಾಪ, ಇದನ್ನು ಹೇಳುವವರೆಲ್ಲ ಸತ್ಯ ಹೇಳುತ್ತಾರೆ ಅಂತೇನೂ ಇಲ್ಲ. ಅರ್ಧ ಜೀವ ಇರುವವನನ್ನೂ ಒನ್ ಶಾಟ್ ಅಂದು ಟೀಮನ್ನು ಓಡಿಸುವವರು ಬೇಕಾದಷ್ಟು. ಮೂರನೆಯವನ ಗೋಳು, ಎರಡು ಟೀಮುಗಳ ಜಗಳದ ಸದ್ದು ಕೇಳಿ ಬೇರೆ ಟೀಮ್ ಬಂತು ಅಂತ. ಬಿದ್ದವನು ತಕ್ಷಣ ಸಾಯುವುದಿಲ್ಲ, ತೆವಳುತ್ತಾ ಇರುತ್ತಾನೆ. ಜೊತೆಗಾರ ಬಂದು ಸುಮಾರು ಹತ್ತು ಸೆಕೆಂಡ್ ಪಕ್ಕದಲ್ಲಿ ಕೂತರೆ ಎದ್ದು ನಿಲ್ಲುತ್ತಾನೆ. ಆ ಹತ್ತು ಸೆಕೆಂಡ್ ಕಾಣದಂತೆ ಇರಲು ಹೊಗೆ. ಕೊನೆಯವನಿಗೆ ಸ್ನೇಹಕ್ಕಿಂತ ರ‍್ಯಾಂಕ್ ಮುಖ್ಯ. ಸುತ್ತಲಿಂದ ಚಿಕ್ಕದಾಗುತ್ತಾ ಬರುವ ನೀಲಿ ವೃತ್ತದ ಹೊರಗೆ ಉಳಿದರೆ ಜೀವ ಸೋರುತ್ತದೆ, ಅದಕ್ಕೆ ಓಡು ಅನ್ನುತ್ತಿದ್ದಾನೆ.

ಇದರಲ್ಲಿ ಭಯಪಡುವಂಥದ್ದು ಇಲ್ಲ. ಹೊತ್ತು ಎಷ್ಟಾಯಿತು ಅನ್ನೋದು ಬೇರೆ ಪ್ರಶ್ನೆ. 18 ವರ್ಷದೊಳಗಿನವರಿಗೆ ಬಿಜಿಎಂಐ ದಿನಕ್ಕೆ 3 ಗಂಟೆ ಮಿತಿ ಇಟ್ಟಿದೆ. ಅಪ್ಪನ ವಯಸ್ಸು ಹಾಕಿ ಅಕೌಂಟ್ ಮಾಡಿದ್ದರೆ ಆ ಮಿತಿ ಲೆಕ್ಕಕ್ಕಿಲ್ಲ. ಒಮ್ಮೆ ನೋಡಿಕೊಳ್ಳಿ.

ಚಾಟ್‌ನಲ್ಲಿ ಬರೀ ‘ಎಫ್’ ಅಂತ ಒಂದು ಅಕ್ಷರ ಬಂತು. ಬೈದ್ರಾ?

ಇಲ್ಲ, ಸಂತಾಪ ಹೇಳಿದರು. 2014ರಲ್ಲಿ ಬಂದ ಕಾಲ್ ಆಫ್ ಡ್ಯೂಟಿಯ ಒಂದು ಆಟದಲ್ಲಿ ಸೈನಿಕನ ಅಂತ್ಯಕ್ರಿಯೆಯ ದೃಶ್ಯ ಇದೆ. ಗೌರವ ಸಲ್ಲಿಸಲು ಕೀಬೋರ್ಡಿನ ಎಫ್ ಒತ್ತಿ ಅಂತ ಪರದೆಯ ಮೇಲೆ ಬರುತ್ತದೆ. ಅಂಥ ಗಂಭೀರ ಕ್ಷಣದಲ್ಲಿ ಬಟನ್ ಒತ್ತಿಸಿದ್ದು ನೋಡಿ ಜನ ನಕ್ಕರು, ಆಮೇಲೆ ಅದೇ ರೂಢಿಯಾಯಿತು. ನೆಟ್ ಹೋಯಿತು, ಫೋನ್ ಬಿತ್ತು, ಪರೀಕ್ಷೆ ಕೈಕೊಟ್ಟಿತು, ಎಲ್ಲದಕ್ಕೂ ಎಫ್.

‘ನೂಬ್’ ಬೈಗುಳನಾ?

ಯಾರು ಯಾರಿಗೆ ಹೇಳಿದರು ಅನ್ನೋದು ನೋಡಬೇಕು. ‘ಲೋ ನೂಬ್, ಆ ಕಡೆ ಹೋಗೋ’ ಅಂತ ಕ್ಲಾಸ್‌ಮೇಟ್ ಹೇಳಿದರೆ ಅದು ‘ಲೋ ಮಂಗ’ ಅಂದಷ್ಟೇ. ಗುರುತಿಲ್ಲದವನು ಪಂದ್ಯ ಸೋತ ಮೇಲೆ ಹೇಳಿದರೆ ಚುಚ್ಚಲಿಕ್ಕೇ. ‘ನ್ಯೂಬಿ’ ಬೇರೆ. ಅದು ಹೊಸಬ ಅಂತ ಮಾತ್ರ, ಅದರಲ್ಲಿ ಅವಮಾನ ಇಲ್ಲ. ಹೊಸಬ ಕಲಿಯುತ್ತಾನೆ. ನೂಬ್ ಎಷ್ಟು ವರ್ಷ ಆಡಿದರೂ ಕಲಿಯುವುದಿಲ್ಲ ಅಂತ ಹಳಬರ ವಾದ. ಓ ಅಕ್ಷರಗಳ ಜಾಗದಲ್ಲಿ ಎರಡು ಸೊನ್ನೆ ಹಾಕಿ ಬರೆದಿದ್ದರೂ ಅದೇ ಪದ.

ನನ್ನ ಲೆಕ್ಕದಲ್ಲಿ ನೂಬ್‌ಗಿಂತ ಕೆಟ್ಟದ್ದು ‘ಈಝಿ’. ಪಂದ್ಯ ಮುಗಿದ ಮೇಲೆ ‘ಜಿಜಿ’ ಅನ್ನುವುದು ಮರ್ಯಾದೆ, ಒಳ್ಳೆ ಆಟ ಅಂತ ಕೈ ಕುಲುಕಿದ ಹಾಗೆ. ಅದರ ಹಿಂದೆ ‘ಈಝಿ’ ಸೇರಿಸಿದರೆ ‘ನಿಮ್ಮನ್ನು ಸೋಲಿಸಲು ಬೆವರೂ ಬರಲಿಲ್ಲ’ ಅಂತ ಆಗುತ್ತದೆ. ಓವರ್‌ವಾಚ್ ಆಟದವರು ಇದಕ್ಕೆ ಒಳ್ಳೆ ಉಪಾಯ ಮಾಡಿದರು. ಯಾರಾದರೂ ‘ಜಿಜಿ ಈಝಿ’ ಅಂತ ಟೈಪ್ ಮಾಡಿದರೆ, ಅದರ ಬದಲು ‘ನನಗೆ ಮಲಗೋ ಹೊತ್ತಾಯ್ತು, ಅಮ್ಮನಿಗೆ ಹೇಳಬೇಡಿ’ ಅನ್ನುವಂಥ ಸಾಲು ಎಲ್ಲರಿಗೂ ಕಾಣುವಂತೆ ಮಾಡಿದರು. ಬೈದವನೇ ನಗೆಪಾಟಲು.

ಈ ಪದಗಳೆಲ್ಲ ಎಲ್ಲಿಂದ ಬಂದವು?

ಬೇರೆ ಬೇರೆ ಕಡೆಯಿಂದ. ಇದೊಂದು ವಿಷಯಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಇಷ್ಟ ಇಲ್ಲದವರು ಮುಂದಿನ ಪ್ರಶ್ನೆಗೆ ಹೋಗಬಹುದು.

‘ಮಾಬ್’ ಅಂದರೆ ಗುಂಪು ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ‘ಮಡ್’ ಅನ್ನೋ ಆಟ ಶುರು ಮಾಡಿದ. ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದ. ಚಿತ್ರ ಇಲ್ಲ, ಬರೀ ಅಕ್ಷರ. ಅದರಲ್ಲಿ ತಾವಾಗಿ ಓಡಾಡುವ ಪಾತ್ರಗಳಿಗೆ ‘ಮೊಬೈಲ್’ ಅಂತ ಹೆಸರಿಟ್ಟರು. ಅದು ಮೊಟಕಾಗಿ ಮಾಬ್ ಆಯಿತು. ಇವತ್ತಿಗೂ ಆಟದಲ್ಲಿ ಒಂಟಿಯಾಗಿ ನಿಂತ ಹಂದಿಯನ್ನೂ ಮಾಬ್ ಅನ್ನುತ್ತಾರೆ.

‘ನರ್ಫ್’ ಅಂದರೆ ಒಂದು ಆಯುಧದ ಶಕ್ತಿಯನ್ನು ಕಂಪನಿ ಕಮ್ಮಿ ಮಾಡುವುದು. ನರ್ಫ್ ಅನ್ನೋದು ಮೆತ್ತನೆಯ ಸ್ಪಂಜಿನ ಆಟಿಕೆಗಳ ಬ್ರ್ಯಾಂಡ್. 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್‌ನಲ್ಲಿ ಕತ್ತಿಯ ಬಲ ಇಳಿಸಿದಾಗ, ಸ್ಪಂಜಿನ ದೊಣ್ಣೆಯಲ್ಲಿ ಹೊಡೆದ ಹಾಗಿದೆ ಅಂತ ಆಡುವವರು ಗೊಣಗಿದರು. ಪದ ಉಳಿಯಿತು. ಬಲ ಏರಿಸಿದರೆ ‘ಬಫ್’.

‘ಸ್ಮರ್ಫ್’ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. 1996ರ ಸುಮಾರಿಗೆ ವಾರ್‌ಕ್ರಾಫ್ಟ್ 2 ಆಡುತ್ತಿದ್ದ ಇಬ್ಬರು ಎಷ್ಟು ಚೆನ್ನಾಗಿ ಆಡುತ್ತಿದ್ದರೆಂದರೆ, ಹೆಸರು ನೋಡಿದ ತಕ್ಷಣ ಎಲ್ಲರೂ ಎದ್ದು ಹೋಗುತ್ತಿದ್ದರು. ಆಗ ಇವರು ಕಾಮಿಕ್ಸಿನ ನೀಲಿ ಕುಳ್ಳರ ಹೆಸರಿಟ್ಟುಕೊಂಡು ಬಂದರು, ಪಾಪಾ ಸ್ಮರ್ಫ್ ಮತ್ತು ಸ್ಮರ್ಫೆಟ್ ಅಂತ. ಹೊಸಬರಂತೆ ನಟಿಸಿ, ಕೊನೆಗೆ ಹೊಡೆದು ಹಾಕುತ್ತಿದ್ದರು. ದೊಡ್ಡ ಆಟಗಾರ ಬೇರೆ ಅಕೌಂಟ್ ಮಾಡಿಕೊಂಡು ಹೊಸಬರ ನಡುವೆ ನುಗ್ಗುವುದಕ್ಕೆ ಅಂದಿನಿಂದ ಇದೇ ಹೆಸರು.

‘ಫ್ರ್ಯಾಗ್’ ಮಾತ್ರ ಸ್ವಲ್ಪ ಕಹಿ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ತಮ್ಮದೇ ಅಧಿಕಾರಿಗಳನ್ನು ಗ್ರೆನೇಡ್ ಎಸೆದು ಕೊಂದ ಘಟನೆಗಳಿಗೆ ಆ ಹೆಸರಿತ್ತು. 1993ರ ಡೂಮ್ ಆಟದ ಮೂಲಕ ಅದು ಎಷ್ಟು ಜನರನ್ನು ಹೊಡೆದೆ ಅನ್ನೋ ಬರೀ ಅಂಕದ ಲೆಕ್ಕ ಆಯಿತು. ‘ಟಿಲ್ಟ್’ ಪಿನ್‌ಬಾಲ್ ಮೆಷಿನ್ನಿನದು. ಚೆಂಡು ಬೀಳದಿರಲಿ ಅಂತ ಮೆಷಿನ್ನನ್ನೇ ಅಲುಗಾಡಿಸಿದರೆ ‘ಟಿಲ್ಟ್’ ದೀಪ ಹತ್ತಿ ಆಟ ನಿಲ್ಲುತ್ತಿತ್ತು. ಅಲ್ಲಿಂದ ಪೋಕರ್‌ಗೆ ಹೋಗಿ, ಗೇಮಿಗೆ ಬಂತು. ಈಗ ಸೋತು ಸೋತು ತಲೆ ಕೆಟ್ಟು ಇನ್ನೂ ಕೆಟ್ಟದಾಗಿ ಆಡುವ ಸ್ಥಿತಿಗೆ ಆ ಹೆಸರು. ‘ಪೌನ್’, ಅಂದರೆ ಎದುರಾಳಿಯನ್ನು ಹೀನಾಯವಾಗಿ ಸೋಲಿಸುವುದು, ಇನ್ನೂ ಸುಲಭ. ಕೀಬೋರ್ಡಿನಲ್ಲಿ ಓ ಪಕ್ಕದಲ್ಲೇ ಪಿ ಇದೆ. ‘ಓನ್’ ಅಂತ ಒತ್ತಲು ಹೋದ ಬೆರಳು ಜಾರಿತು.

‘ಮೆಟಾ’ ವಿಷಯದಲ್ಲಿ ಹುಷಾರು. ಅದು ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಅಂತ ಒಂದು ಕಥೆ ಓಡಾಡುತ್ತದೆ. ಅದು ಆಮೇಲೆ ಹೊಂದಿಸಿದ ಕಥೆ. ‘ಮೆಟಾಗೇಮ್’ ಎಂಬ ಪದದ ತುಂಡು ಅದು, ಈ ಹೊತ್ತಿನಲ್ಲಿ ಯಾವ ಆಯುಧ, ಯಾವ ತಂತ್ರ ಗೆಲ್ಲಿಸುತ್ತಿದೆ ಅನ್ನೋ ಲೆಕ್ಕ. ಮೊದಲಕ್ಷರ ಜೋಡಿಸಿ ಪದ ಹುಟ್ಟಿದ ಕಥೆ ಕೇಳಿದಾಗಲೆಲ್ಲ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

‘ಲ್ಯಾಗ್ ಹೊಡೀತಿದೆ’ ಅಂತ ಹೊಸ ಫೋನ್ ಕೇಳ್ತಾನೆ. ಕೊಡಿಸಬೇಕಾ?

ಲ್ಯಾಗ್ ಅಂದರೆ ಆಟ ತಡವಾಗಿ, ತಡೆತಡೆದು ನಡೆಯುವುದು. ಮೊದಲು ಪಿಂಗ್ ಎಷ್ಟಿದೆ ಕೇಳಿ. ಫೋನಿನಿಂದ ಹೊರಟ ಸಂದೇಶ ಸರ್ವರ್ ಮುಟ್ಟಿ ವಾಪಸ್ ಬರಲು ಎಷ್ಟು ಮಿಲಿಸೆಕೆಂಡ್ ಬೇಕು ಅನ್ನೋದೇ ಪಿಂಗ್. 1983ರಲ್ಲಿ ಮೈಕ್ ಮೂಸ್ ಎಂಬ ಅಮೆರಿಕದ ಪ್ರೋಗ್ರಾಮರ್ ಇದನ್ನು ಅಳೆಯುವ ಸಣ್ಣ ಪ್ರೋಗ್ರಾಂ ಬರೆದು, ಜಲಾಂತರ್ಗಾಮಿಯ ಸೋನಾರ್ ಸದ್ದಿನ ಹೆಸರನ್ನೇ ಇಟ್ಟ. 50ರ ಒಳಗಿದ್ದರೆ ಆರಾಮ. 100 ದಾಟಿದರೆ ಗೋಡೆ ಹಿಂದೆ ಅವಿತ ಮೇಲೂ ಗುಂಡು ಬಿದ್ದ ಹಾಗೆ ಆಗುತ್ತದೆ. ಇದು ನೆಟ್ಟಿನ ತೊಂದರೆ, ಹೊಸ ಫೋನ್ ತಂದರೂ ಹೋಗುವುದಿಲ್ಲ. ವೈಫೈ ರೌಟರ್ ಹತ್ತಿರ ಕೂತು ನೋಡಲಿ.

ಪಿಂಗ್ ಚೆನ್ನಾಗಿದ್ದೂ ಚಿತ್ರ ತಡೆತಡೆದು ಬಂದರೆ ಅದು ‘ಎಫ್‌ಪಿಎಸ್ ಡ್ರಾಪ್’. ಸೆಕೆಂಡಿಗೆ ಬರಬೇಕಾದಷ್ಟು ಚಿತ್ರ ಬರುತ್ತಿಲ್ಲ. ಫೋನ್ ಬಿಸಿಯಾಗಿದೆ, ಇಲ್ಲಾ ಹಳೆಯದಾಗಿದೆ. ಎರಡಕ್ಕೂ ಮಕ್ಕಳು ಲ್ಯಾಗ್ ಅಂತಲೇ ಹೇಳುತ್ತಾರೆ. ಗ್ರಾಫಿಕ್ಸ್ ಸೆಟ್ಟಿಂಗ್ ಇಳಿಸಿದಾಗ ಸರಿಹೋದರೆ ಎಫ್‌ಪಿಎಸ್‌ನದೇ ತೊಂದರೆ. ಆಮೇಲೆ ಫೋನಿನ ಮಾತು.

ಅಮೆರಿಕದಲ್ಲಿರುವ ಕನ್ನಡದ ಹುಡುಗರು ಊರಿನ ಗೆಳೆಯರ ಜೊತೆ ಆಡಲು ಮುಂಬೈ ಸರ್ವರ್‌ಗೆ ಬಂದಾಗ ಪಿಂಗ್ 200 ದಾಟುವುದು ಮಾಮೂಲಿ. ಸಮುದ್ರದೊಳಗಿನ ಕೇಬಲ್ ಅಷ್ಟು ಉದ್ದ. ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ.

ಅಂದಹಾಗೆ, ಆಟದ ನಡುವೆ ‘ಪಿಂಗ್ ಮಾಡು’ ಅಂದರೆ ನಕ್ಷೆಯ ಮೇಲೆ ಗುರುತು ಹಾಕು ಅಂತ. ಆಫೀಸಿನಲ್ಲಿ ಹೇಳಿದರೆ ಮೆಸೇಜ್ ಮಾಡು ಅಂತ.

ಪಬ್ಜಿ ಬ್ಯಾನ್ ಆಗಿತ್ತಲ್ಲ? ಈಗ್ಲೂ ಪಬ್ಜಿ ಅಂತಾರೆ?

ಬಾಯಿಗೆ ರೂಢಿಯಾದ ಹೆಸರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಅದನ್ನೇ ಬಿಜಿಎಂಐ ಅಂತ ತಂದಿತು. 2022ರ ಜುಲೈನಲ್ಲಿ ಅದೂ ಆ್ಯಪ್ ಸ್ಟೋರ್‌ಗಳಿಂದ ಹೋಯಿತು, 2023ರ ಮೇನಲ್ಲಿ ವಾಪಸ್ ಬಂತು. ಫ್ರೀ ಫೈರ್‌ನದೂ ಇಂಥದ್ದೇ ಕಥೆ. 2022ರ ಫೆಬ್ರವರಿಯಲ್ಲಿ ಅದು ನಿಷೇಧ ಆಯಿತು, ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. ನಮ್ಮಲ್ಲಿ ಹಳೇ ಹೆಸರು ಹಾಕಿದರೂ ಸರಿಯಾದ ಗೇಮ್ ತೆರೆಯುತ್ತದೆ.

ಹಿಂದಿ ಪದಗಳನ್ನು ಯಾಕೆ ಸೇರಿಸಿದ್ದೀರಿ?

ಗೆಳೆಯರಿಲ್ಲದೆ ಒಬ್ಬರೇ ಆಡಲು ಹೋದರೆ ‘ರ‍್ಯಾಂಡಮ್’ ಟೀಮ್ ಸಿಗುತ್ತದೆ. ಅಲ್ಲಿ ಹೆಚ್ಚಾಗಿ ಹಿಂದಿ. ಗೊತ್ತಿಲ್ಲದಿದ್ದರೆ ಪೆಟ್ಟು ಬೀಳುವುದು ನಮಗೇ. ಮುಖ್ಯವಾಗಿ ‘ಬಂದಾ’. ‘ಛತ್ ಪೇ ಬಂದಾ ಹೈ’ ಅಂತ ಕೂಗಿದಾಗ ನಮ್ಮ ಕಿವಿಗೆ ಯಾರೋ ಬಂದ ಅಂತಲೇ ಕೇಳಿಸುತ್ತದೆ. ನಮ್ಮವನೇ ಬಂದಿರಬೇಕು ಅಂತ ನೆಮ್ಮದಿಯಾಗಿ ನಿಂತರೆ ಕಥೆ ಮುಗೀತು. ಬಂದಾ ಅಂದರೆ ಆಸಾಮಿ. ಟೆರೇಸ್ ಮೇಲೆ ಎದುರಾಳಿ ಕೂತಿದ್ದಾನೆ, ತಲೆ ತಗ್ಗಿಸು ಅಂತ ಅವರು ಹೇಳಿದ್ದು.

ಎಲ್ಲಕ್ಕೂ ಅಚ್ಚ ಕನ್ನಡದ ಪದ ಕೊಡಬಹುದಲ್ಲ?

ಅರ್ಥ ಕನ್ನಡದಲ್ಲೇ ಇದೆ. ಹೊಸ ಪದ ಕಟ್ಟಿಲ್ಲ. ಕ್ಯಾಂಪರ್ ಅಂದರೆ ‘ಹೊಂಚು ಹಾಕಿ ಕೂತವನು’ ಅಂತ ಬರೆದಿದ್ದೇವೆ, ಆದರೆ ಗುಂಡು ಹಾರುವಾಗ ಅಷ್ಟುದ್ದ ಯಾರೂ ಕೂಗುವುದಿಲ್ಲ. ಜನ ಏನು ಆಡುತ್ತಾರೋ ಅದನ್ನು ದಾಖಲಿಸುವುದು ನಮ್ಮ ಕೆಲಸ. ‘ಗುಮ್ಮು’, ‘ಚಚ್ಚಾಕು’ ಅಂತ ಹುಡುಗರು ತಾವಾಗಿ ಕೂಗುವ ಕನ್ನಡ ಪದ ಕೇಳಿಸಿದರೆ ಖುಷಿಯಿಂದ ಸೇರಿಸುತ್ತೇವೆ.

ಯಾವ ಪದ ಕೇಳಿದರೆ ನಿಜವಾಗಿಯೂ ಎಚ್ಚರ ಆಗಬೇಕು?

ಕೊಲ್ಲು, ಸಾಯಿಸು ಅನ್ನೋ ಪದಗಳಿಗಿಂತ ದುಡ್ಡಿನ ಪದಗಳ ಕಡೆ ಕಿವಿ ಇಡಿ.

‘ಫ್ರೀ ಯುಸಿ’, ‘ಫ್ರೀ ಡೈಮಂಡ್’ ಅಂತ ಲಿಂಕ್ ಬಂದರೆ ಅದು ಪಾಸ್‌ವರ್ಡ್ ಕದಿಯುವ ಬಲೆ. ‘ಐಡಿ ಸೇಲ್’ ಅಂದರೆ ರ‍್ಯಾಂಕ್, ಸ್ಕಿನ್ (ಪಾತ್ರಕ್ಕೆ, ಬಂದೂಕಿಗೆ ಹಾಕುವ ವೇಷ) ಸಮೇತ ಅಕೌಂಟ್ ಮಾರಾಟ. ಗೇಮ್ ಕಂಪನಿಗಳು ಇದನ್ನು ಒಪ್ಪುವುದಿಲ್ಲ. ದುಡ್ಡು ಕೊಟ್ಟ ಮೇಲೆ ಮಾರಿದವನೇ ‘ಪಾಸ್‌ವರ್ಡ್ ಮರೆತೆ’ ಅಂತ ಅಕೌಂಟ್ ವಾಪಸ್ ಎಳೆದುಕೊಳ್ಳಬಹುದು. ‘ಮಾಡ್’ ಫೈಲ್, ಅಂದರೆ ಆಟವನ್ನು ಕದ್ದು ತಿರುಚುವ ಫೈಲ್, ಹಾಕಿಕೊಂಡರೆ ಗೋಡೆಯಾಚೆ ಕಾಣುತ್ತೆ ಅಂತಾರೆ. ಅದರ ಜೊತೆ ಫೋನಿಗೆ ಇನ್ನೇನು ಬರುತ್ತದೋ ಹೇಳಲಾಗದು, ಅಕೌಂಟ್ ಬ್ಯಾನ್ ಆಗುವುದಂತೂ ಇದ್ದೇ ಇದೆ. ‘ಓಟಿಪಿ ಹೇಳು, ಗಿಫ್ಟ್ ಕಳಿಸ್ತೀನಿ’ ಅಂದವನು ಗೆಳೆಯನಲ್ಲ. ‘ಎಂಟ್ರಿ ಕಟ್ಟು, ಗೆದ್ರೆ ಡಬಲ್’ ಅಂದರೆ ಅದು ಇ-ಸ್ಪೋರ್ಟ್ಸ್ ಅಲ್ಲ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ.

ಖಾತೆಯಿಂದ ದುಡ್ಡು ಹೋಗಿದ್ದರೆ ಮಗುವನ್ನು ಬೈಯುವ ಮೊದಲು 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.

ಕೆಟ್ಟ ಬೈಗುಳಗಳೂ ಇವೆಯಲ್ಲ?

ಇವೆ, ಅರ್ಥ ಗೊತ್ತಿರಲಿ ಅಂತ. ‘ಕಟು’ ಅನ್ನೋ ಗುರುತು ಹಾಕಿದ್ದೇವೆ. ಮಕ್ಕಳ ಫೋನಿನಲ್ಲಿ ಬೇಡ ಅಂದರೆ ಸೆಟ್ಟಿಂಗ್‌ನಲ್ಲಿ ಮುಚ್ಚಬಹುದು. ಜಾತಿ, ಧರ್ಮ, ಹೆಣ್ಣುಮಕ್ಕಳ ಮೇಲೆ ಬಳಸುವ ಪದ ಆಟದಲ್ಲಿ ಕೇಳಿಸಿದರೆ ಅರ್ಥ ಹುಡುಕುತ್ತಾ ಕೂರಬೇಡಿ. ಮ್ಯೂಟ್ ಮಾಡಿ, ರಿಪೋರ್ಟ್ ಒತ್ತಿ.

ಆಡುವಾಗಲೇ ಹುಡುಕಬಹುದಾ?

ಬೇಡ. ಓದಿ ಮುಗಿಸುವಷ್ಟರಲ್ಲಿ ನಾಕ್ ಆಗಿರುತ್ತೀರಿ.

ನಾನು ಕೇಳಿದ ಪದ ಸಿಗಲಿಲ್ಲ. ಕಳಿಸಬಹುದಾ?

ದಯವಿಟ್ಟು ಕಳಿಸಿ. ಬರೀ ಪದ ಸಾಲದು. ಗೇಮ್ ಯಾವುದು, ಪೂರ್ತಿ ವಾಕ್ಯ ಏನು, ಅದಕ್ಕಿಂತ ಮೊದಲು ಆಟದಲ್ಲಿ ಏನಾಯಿತು, ಮೂರೂ ಬರೆಯಿರಿ. ಮಂಗಳೂರಿನಲ್ಲೋ ಕಲಬುರಗಿಯಲ್ಲೋ ಕೇಳಿದ್ದು ಅನ್ನೋದೂ ಇದ್ದರೆ ಇನ್ನೂ ಒಳ್ಳೆಯದು. ಆಟಗಾರರ ಹೆಸರು, ಐಡಿ, ಚಾಟ್‌ನ ಸ್ಕ್ರೀನ್‌ಶಾಟ್ ಬೇಡ. ಒಂದೇ ಟೀಮಿನ ನಾಲ್ಕು ಜನ ತಮ್ಮೊಳಗೆ ಮಾಡಿಕೊಂಡ ಗುಟ್ಟಿನ ಪದ ಆದರೆ ಸೇರಿಸುವುದಿಲ್ಲ. ಬೇರೆ ಬೇರೆ ಊರಿನವರು ಅದೇ ಪದ ಕಳಿಸಿದ ಮೇಲೆ ಸೇರಿಸುತ್ತೇವೆ.